ಪ್ರಕಟಣೆಯಿಂದ ಸುದ್ದಿಯವರೆಗೆ: ಮೇಜಿನ ಎರಡೂ ಕಡೆ ಕೂತು ಕಂಡದ್ದು

ಮಳೆಗಾಲದಲ್ಲಿ ಹೊಳೆದಂಡೆಯ ಮನೆಯವರೊಬ್ಬರು ಓಡಿ ಬಂದು ಅಂಗಳದಲ್ಲಿ ನಿಂತರೆ ಮೊದಲು ಏನು ಹೇಳುತ್ತಾರೆ? "ಹೊಳೆ ಬಂತು, ಗದ್ದೆ ಮುಳುಗ್ತು, ದನ ಬಿಡಿಸ್ಬೇಕು, ಬನ್ನಿ." ಅಷ್ಟೇ. ಮಳೆ ಯಾವತ್ತು ಶುರುವಾಯಿತು, ಹೋದ ವರ್ಷ ನೀರು ಎಲ್ಲಿವರೆಗೆ ಬಂದಿತ್ತು, ದಂಡೆ ಕಟ್ಟಿಸಿ ಅಂತ ಪಂಚಾಯ್ತಿಗೆ ಎಷ್ಟು ಸಲ ಅರ್ಜಿ ಕೊಟ್ಟಿದ್ದರು, ಇದೆಲ್ಲ ದನ ಬಿಡಿಸಿ ಬಂದು ಕಾಫಿ ಕುಡಿಯುವಾಗ ಬರುವ ಮಾತು. ಸುದ್ದಿ ಬರೆಯುವುದು ಅಂದರೆ ಬಹುಮಟ್ಟಿಗೆ ಇದೇ ಕೆಲಸ.

ನಾನು ಸಾಗರದ ಕಡೆ ಹನ್ನೊಂದು ವರ್ಷ ಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರನಾಗಿದ್ದೆ. ಈಗ ಕೆಲವು ವರ್ಷಗಳಿಂದ ಒಂದು ಸಹಕಾರ ಸಂಘದಲ್ಲಿದ್ದೇನೆ. ಸಂಘದ ಪ್ರಕಟಣೆ ಬರೆಯುವುದು, ಸದಸ್ಯರ ಪ್ರಶ್ನೆಗೆ ಉತ್ತರ ಕೊಡುವುದು, ವರದಿಗಾರರು ಫೋನ್ ಮಾಡಿದರೆ ಎತ್ತುವುದು ನನ್ನ ಕೆಲಸ. ಹಿಂದಿನದು ಸುದ್ದಿ ಬರಹ, ಈಗಿನದು ಸಾರ್ವಜನಿಕ ಸಂಪರ್ಕ, ಎಲ್ಲರ ಬಾಯಲ್ಲಿ ಪಿಆರ್. ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಬರುತ್ತದಲ್ಲ, ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ದಿನ, ಆಗ ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ಸಿಗುತ್ತಾರೆ. "ಇವೆರಡಕ್ಕೂ ವ್ಯತ್ಯಾಸ ಏನು ಸರ್?" ಅಂತ ಕೇಳುತ್ತಾರೆ. ಕಾರ್ಯಕ್ರಮದ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸುದ್ದಿಯ ಅಚ್ಚು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರು ಪ್ರಶ್ನೆ ಎಲ್ಲ ಪಠ್ಯದಲ್ಲೂ ಇವೆ. ಇವುಗಳಲ್ಲಿ ಓದುಗನಿಗೆ ಯಾವುದು ಎಲ್ಲಕ್ಕಿಂತ ಜಾಸ್ತಿ ಬೇಕೋ ಅದನ್ನು ಮೊದಲ ವಾಕ್ಯದಲ್ಲೇ ಕೊಡಬೇಕು. ಆ ಮೊದಲ ವಾಕ್ಯಕ್ಕೆ ಡೆಸ್ಕಿನಲ್ಲಿ ಇಂಟ್ರೊ ಅನ್ನುತ್ತಾರೆ. ಆಮೇಲೆ ಮಹತ್ವ ಇಳಿಯುತ್ತಾ ಹೋಗಬೇಕು. ಇದಕ್ಕೇ ತಲೆಕೆಳಗಾದ ಪಿರಮಿಡ್ ಅಂತ ಹೆಸರು. ಇದು ಟೆಲಿಗ್ರಾಫ್ ಕಾಲದ ಅಭ್ಯಾಸ. ಪದಕ್ಕೆ ಇಷ್ಟು ಅಂತ ದುಡ್ಡು, ತಂತಿ ಯಾವಾಗ ಕಡಿದು ಹೋಗುತ್ತದೋ ಗೊತ್ತಿಲ್ಲ. ಆದ್ದರಿಂದ ಮುಖ್ಯವಾದದ್ದು ಮೊದಲು ಹೋಗಲಿ ಅಂತ. ನಮ್ಮಲ್ಲೂ ಕಾರಣ ಬೇರೆಯಲ್ಲ. ನನಗಿಂತ ಹಿರಿಯರು ಸುದ್ದಿಯ ಕವರನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ಪುಟದಲ್ಲಿ ಜಾಗ ಕಮ್ಮಿ ಬಿದ್ದರೆ ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಿದ್ದರು. ಕೆಳಗೆ ಇಟ್ಟದ್ದು ಓದುಗನಿಗೆ ಸಿಗುವುದೇ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಈಗ ಮೊಬೈಲ್‌ನಲ್ಲಿ ಓದುಗನೇ ಕತ್ತರಿಸುತ್ತಾನೆ. ಎರಡು ಸಾಲು ಓದಿ ಮುಂದೆ ಹೋಗುತ್ತಾನೆ.

ಹೇಳುವುದಕ್ಕೆ ಸುಲಭ. ಬರೆಯಲು ಕೂತಾಗ ಕಷ್ಟ ಗೊತ್ತಾಗುತ್ತದೆ. ಹೀಗೊಂದು ಪತ್ರಿಕಾ ಪ್ರಕಟಣೆ ಬಂತು ಅಂದುಕೊಳ್ಳಿ:

"ದಿನಾಂಕ 14ರಂದು ಬೆಳಿಗ್ಗೆ 11 ಗಂಟೆಗೆ ಸಂಘದ ಸಭಾಭವನದಲ್ಲಿ ಮಾನ್ಯ ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ವಾರ್ಷಿಕ ಸರ್ವಸದಸ್ಯರ ಸಭೆಯನ್ನು ಹಮ್ಮಿಕೊಳ್ಳಲಾಗಿತ್ತು. ಪ್ರಾರ್ಥನೆಯೊಂದಿಗೆ ಆರಂಭವಾದ ಕಾರ್ಯಕ್ರಮವನ್ನು ಗಣ್ಯರು ದೀಪ ಬೆಳಗಿಸುವ ಮೂಲಕ ಉದ್ಘಾಟಿಸಿದರು."

ಆಮೇಲೆ ಹನ್ನೆರಡು ನಿರ್ದೇಶಕರ ಹೆಸರು. ಸ್ವಾಗತ ಯಾರು, ನಿರೂಪಣೆ ಯಾರು, ವಂದನಾರ್ಪಣೆ ಯಾರು. ಇವೆಲ್ಲದರ ನಡುವೆ ಒಂದು ಸಾಲು: "ಕೊಳೆರೋಗದಿಂದ ಬೆಳೆ ಕಳೆದುಕೊಂಡ ಸದಸ್ಯರ ಸಾಲ ಮರುಪಾವತಿ ಅವಧಿಯನ್ನು ಮಾರ್ಚ್ ಅಂತ್ಯದವರೆಗೆ ವಿಸ್ತರಿಸಲು ತೀರ್ಮಾನಿಸಲಾಯಿತು."

ಇಡೀ ಪುಟದಲ್ಲಿ ಸುದ್ದಿ ಇರುವುದು ಅದೊಂದೇ ಸಾಲಿನಲ್ಲಿ. ಮಳೆಗೆ ಬೋರ್ಡೋ ಔಷಧಿ ಹೊಡೆಯಲಾಗದೆ ಅಡಿಕೆ ಗೊನೆ ಉದುರಿಸಿಕೊಂಡು ಕೂತ ರೈತ ಪತ್ರಿಕೆ ಬಿಡಿಸಿದರೆ ಅವನಿಗೆ ದೀಪ ಬೆಳಗಿಸಿದವರು ಯಾರಾದರೇನು? ಹಾಗಾಗಿ ಸುದ್ದಿ ಹೀಗೆ ಶುರುವಾಗಬೇಕು: "ಕೊಳೆರೋಗದಿಂದ ಅಡಿಕೆ ಬೆಳೆ ಕಳೆದುಕೊಂಡ ಸದಸ್ಯರಿಗೆ ಸಾಲ ತೀರಿಸಲು ಮಾರ್ಚ್ ಕೊನೆಯವರೆಗೆ ಸಮಯ ಸಿಗಲಿದೆ. ಸಹಕಾರ ಸಂಘ ಭಾನುವಾರದ ವಾರ್ಷಿಕ ಸಭೆಯಲ್ಲಿ ಈ ತೀರ್ಮಾನ ತೆಗೆದುಕೊಂಡಿತು."

ಇಲ್ಲಿಗೇ ನಿಲ್ಲಿಸಿದರೆ ಪ್ರಕಟಣೆಯನ್ನು ತಿದ್ದಿ ಬರೆದಂತಾಯಿತು, ಅಷ್ಟೇ. ವರದಿಗಾರನ ಕೆಲಸ ಈಗ ಶುರು. ಅವನು ಫೋನ್ ತೆಗೆದು ಕಾರ್ಯದರ್ಶಿಗೆ ಕೇಳಬೇಕು. ಎಷ್ಟು ಸದಸ್ಯರಿಗೆ ಇದು ಅನ್ವಯ? ಕೊಳೆರೋಗ ಬಂದಿದೆ ಅಂತ ಯಾರ ಪತ್ರ ತರಬೇಕು? ಈ ತಿಂಗಳುಗಳ ಬಡ್ಡಿ ಏನಾಗುತ್ತದೆ? ಮೂರನೆಯ ಪ್ರಶ್ನೆಗೆ "ಬಡ್ಡಿ ಮಾಮೂಲಿ ಇರುತ್ತೆ" ಅಂತ ಉತ್ತರ ಬಂದರೆ ಸುದ್ದಿಯ ಬಣ್ಣವೇ ಬದಲಾಯಿತು. ಪ್ರಕಟಣೆಯಲ್ಲಿ ಅದು ಇರಲಿಲ್ಲ. ಇರುವುದೂ ಇಲ್ಲ. ಓದುಗನ ಪರವಾಗಿ ಕೇಳಲು ವರದಿಗಾರ ಬೇಕಾಗುವುದು ಇದಕ್ಕೇ.

ಇಲ್ಲಿ ಕನ್ನಡದ ಒಂದು ಚಾಳಿಯ ಬಗ್ಗೆ ಹೇಳಲೇಬೇಕು. ‘ಲಾಗಿದೆ’. ಹಮ್ಮಿಕೊಳ್ಳಲಾಗಿದೆ, ತೀರ್ಮಾನಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರಾ? "ಅಮ್ಮಾ, ಹಾಲನ್ನು ಕಾಯಿಸಲಾಗಿದೆ" ಅಂತ ಯಾರೂ ಹೇಳುವುದಿಲ್ಲ. ಈ ರೂಪದಲ್ಲಿ ಮಾಡಿದವರು ಮಾಯ ಆಗುತ್ತಾರೆ. "ರಸ್ತೆಬದಿಯ ಮರಗಳನ್ನು ಕಡಿಯಲಾಗಿದೆ." ಯಾರು ಕಡಿದರು? ಅರಣ್ಯ ಇಲಾಖೆಯೇ, ರಸ್ತೆ ಗುತ್ತಿಗೆದಾರರೇ, ಕರೆಂಟಿನವರೇ? ವಾಕ್ಯ ವ್ಯಾಕರಣದ ಪ್ರಕಾರ ಸರಿ ಇದೆ. ಸುದ್ದಿಯ ಪ್ರಕಾರ ಅರ್ಧವೇ ಇದೆ. ‘ಲಾಗಿದೆ’ ಕಂಡಲ್ಲೆಲ್ಲ ‘ಯಾರು’ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ ಅಂತ ನಾನು ಹೊಸಬರಿಗೆ ಹೇಳುತ್ತೇನೆ. ಉತ್ತರ ಸಿಕ್ಕರೆ ವಾಕ್ಯ ತಾನಾಗಿಯೇ ಚಿಕ್ಕದಾಗುತ್ತದೆ.

ಇದರ ತಮ್ಮ ‘ಎನ್ನಲಾಗಿದೆ’. ಇದು ಇನ್ನೂ ಅಪಾಯದ್ದು. "ಅಪಘಾತಕ್ಕೆ ಅತಿವೇಗವೇ ಕಾರಣ ಎನ್ನಲಾಗಿದೆ." ಅಂದವರು ಯಾರು? ಪೊಲೀಸರು ಅಂದರೆ ಪೊಲೀಸರು ಅಂತ ಬರೆಯಿರಿ. ಪಕ್ಕದ ಅಂಗಡಿಯವರು ನೋಡಿ ಹೇಳಿದ್ದರೆ ಹಾಗೇ ಬರೆಯಿರಿ. ಯಾರೂ ಹೇಳಿಲ್ಲ, ನಮಗೇ ಅನ್ನಿಸಿದ್ದಾದರೆ ತೆಗೆದುಹಾಕಿ. ಒಂದು ವರದಿಯಲ್ಲಿ ಮೂರು ಸಲ ‘ಎನ್ನಲಾಗಿದೆ’ ಬಂತು ಅಂದರೆ ಬರೆದವರು ಯಾರನ್ನೂ ಕೇಳಿಲ್ಲ ಅಂತ ತಿಳಿಯಬೇಕು.

ಕೇಳದೆ ಬರೆದರೆ ಏನಾಗುತ್ತದೆ ಅಂತ ನಾನೇ ಕಲಿತೆ. 2019ರ ಆಗಸ್ಟ್ ಮಳೆ ಮಲೆನಾಡಿನವರಿಗೆ ನೆನಪಿರಲೇಬೇಕು. ಕರೆಂಟ್ ಇಲ್ಲ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ರಾತ್ರಿ ವಾಟ್ಸ್‌ಆಪ್‌ನಲ್ಲಿ ಒಂದು ಫೋಟೊ ಬಂತು. ನಮ್ಮ ಕಡೆಯ ಒಂದು ಕಿರುಸೇತುವೆ ಕೊಚ್ಚಿಹೋಗಿದೆ ಅಂತ ಕೆಳಗೆ ಬರೆದಿತ್ತು. ಆ ರಸ್ತೆ ನನಗೆ ಗೊತ್ತು, ಆ ಮಳೆಗೆ ಹೋಗಿದ್ದರೂ ಹೋಗಿರಬಹುದು ಅನ್ನಿಸಿತು. ಕಳಿಸಿದೆ. ಬೆಳಿಗ್ಗೆ ಅಚ್ಚಾಯಿತು. ಸೇತುವೆ ನೆಟ್ಟಗೆ ನಿಂತೇ ಇತ್ತು. ಫೋಟೊ ಯಾವುದೋ ಬೇರೆ ಊರಿನದು, ಹಳೆಯದು. ಮರುದಿನ ತಿದ್ದುಪಡಿ ಹಾಕಿಸಿದೆ. ಎರಡು ವಾರ ಬಿಟ್ಟು ಆ ಕಡೆಯ ಹಿರಿಯರೊಬ್ಬರು ಪೇಟೆಯಲ್ಲಿ ಸಿಕ್ಕರು. ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಹೋಗುವವರು. ಸೇತುವೆ ಇಲ್ಲ ಅಂತ ಆ ದಿನ ಬೇರೆ ರಸ್ತೆಯಲ್ಲಿ ಸುತ್ತಿ, ಎರಡು ತಾಸು ತಡವಾಗಿ ಆಸ್ಪತ್ರೆ ತಲುಪಿದ್ದರು. ಅವರು ಬೈಯಲಿಲ್ಲ. "ಪೇಪರಲ್ಲಿ ಬಂದಿದೆ ಅಂತ ನಂಬಿದೆ ಮಾರಾಯ್ರೆ" ಅಂದರು, ಅಷ್ಟೇ.

ಅವತ್ತಿನಿಂದ ಕನಿಷ್ಠ ಇಬ್ಬರನ್ನು ಕೇಳದೆ ನಾನು ಏನನ್ನೂ ಕಳಿಸಿಲ್ಲ. ಒಬ್ಬರು ಆ ಜಾಗದಲ್ಲೇ ಇರುವವರು, ಇನ್ನೊಬ್ಬರು ಅದರ ಜವಾಬ್ದಾರಿ ಹೊತ್ತವರು. ಇಬ್ಬರೂ ಸಿಗದಿದ್ದರೆ ಸುದ್ದಿ ಒಂದು ದಿನ ಕಾಯಲಿ.

ಅಂಕಿಗಳದ್ದೂ ಇದೇ ಕಥೆ. ಮಳೆಗಾಲ ಬಂತು ಅಂದರೆ ನಮ್ಮ ಜಿಲ್ಲೆಯ ಪುಟಗಳಲ್ಲಿ ಮಿಲಿಮೀಟರ್, ಅಡಿ, ಕ್ಯೂಸೆಕ್, ಟಿಎಂಸಿ. ಬರೆಯುವವರಿಗೇ ಅರ್ಥ ಗೊತ್ತಿಲ್ಲದಿದ್ದರೆ ಓದುವವರ ಗತಿ? 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ನೆಲದ ಮೇಲೆ 1 ಲೀಟರ್ ನೀರು. ಆ ಲೆಕ್ಕದಲ್ಲಿ 100 ಮಿ.ಮೀ. ಮಳೆ ಒಂದು ಎಕರೆ ತೋಟಕ್ಕೆ ಸುಮಾರು 4 ಲಕ್ಷ ಲೀಟರ್ ನೀರು ಸುರಿಯುತ್ತದೆ. ಹೀಗೆ ಬರೆದರೆ ತೋಟ ಇದ್ದವರಿಗೆ ಎದೆಗೆ ತಾಗುತ್ತದೆ, ಅಲ್ವಾ? ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಅನ್ನುವುದನ್ನೂ ಮರೆಯಬಾರದು. ಇಲ್ಲದಿದ್ದರೆ ಇವತ್ತಿನ ಮಳೆಯನ್ನು ನಿನ್ನೆಯದಕ್ಕೆ ಸೇರಿಸಿಬಿಡುತ್ತೇವೆ. 204.5 ಮಿ.ಮೀ. ಮುಟ್ಟಿದರೆ ಇಲಾಖೆಯ ಭಾಷೆಯಲ್ಲಿ ಅದು ಅತ್ಯಂತ ಭಾರಿ ಮಳೆ. ಬೇರೆ ಊರಿನಲ್ಲಿ ಅದು ದೊಡ್ಡ ತಲೆಬರಹ. ಆಗುಂಬೆಯವರಿಗೆ ಆಷಾಢದ ಒಂದು ದಿನ.

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ ಅಂತ ಬರೆಯುತ್ತೇವೆ. ಅದು ಸಮುದ್ರಮಟ್ಟದಿಂದ ಅಳೆದ ಎತ್ತರ, ನೀರಿನ ಆಳ ಅಲ್ಲ. ಭದ್ರಾ ಜಲಾಶಯದಲ್ಲಿ ಹೇಳುವ 186 ಅಡಿ ಬೇರೆ ಲೆಕ್ಕ, ಅದು ಸಮುದ್ರಮಟ್ಟದಿಂದ ಅಳೆದದ್ದಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ವಿವರಣೆ ಕೊಡದಿದ್ದರೆ ಓದುಗನಿಗೆ ಗೊಂದಲ. ಇನ್ನು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಸುಮಾರು 11,574 ಕ್ಯೂಸೆಕ್ ನೀರು ಹಗಲು ರಾತ್ರಿ ಇಡೀ ದಿನ ಹರಿದರೆ 1 ಟಿಎಂಸಿ ಆಗುತ್ತದೆ. ಇದೊಂದು ಲೆಕ್ಕ ಗೊತ್ತಿದ್ದರೆ ಸಾಕು. "ಒಳಹರಿವು ಇಷ್ಟಿದೆ, ಇಷ್ಟು ದಿನದಲ್ಲಿ ಡ್ಯಾಂ ತುಂಬುತ್ತದೆ" ಅಂತ ಯಾರಾದರೂ ಹೇಳಿದರೆ ನಂಬಬೇಕಾ ಬೇಡವಾ ಅಂತ ನೀವೇ ಕೂತು ನೋಡಬಹುದು.

ಅಡಿಕೆ ಧಾರಣೆಯಲ್ಲಿ ಇನ್ನೊಂದು ಮೋಸ ನಡೆಯುತ್ತದೆ. ಮಾರುಕಟ್ಟೆ ಕೊಡುವ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ತಲೆಬರಹಕ್ಕೆ ಯಾವಾಗಲೂ ಗರಿಷ್ಠವೇ ಹೋಗುತ್ತದೆ. ಆ ದರ ಸಿಕ್ಕಿರುವುದು ಯಾವುದೋ ಒಂದೆರಡು ಒಳ್ಳೆಯ ಲಾಟಿಗೆ ಇರಬಹುದು. ಜಾಸ್ತಿ ಮಾಲು ಹೋದದ್ದು ಮಾದರಿ ದರದಲ್ಲಿ. ಗರಿಷ್ಠ ನೋಡಿ ರಾಶಿ ಅಡಿಕೆ ತಂದ ರೈತನಿಗೆ ಮಂಡಿಯಲ್ಲಿ ನಿರಾಸೆ ಆದರೆ ಸುಳ್ಳು ಹೇಳಿದವರು ಯಾರೂ ಇಲ್ಲ. ಆದರೂ ಅವನಿಗೆ ತಪ್ಪು ಮಾಹಿತಿ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ ಮಾದರಿ ದರ ಬಿಟ್ಟ ಧಾರಣೆ ಸುದ್ದಿ ಸುದ್ದಿಯೇ ಅಲ್ಲ.

ಇನ್ನು ಮೇಜಿನ ಈಚೆ ಕಡೆ. ಪಿಆರ್ ಅಂದರೆ ಹೊಗಳಿಕೆ ಬರೆಯುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಸಂಸ್ಥೆ ಮಾಡುತ್ತಿರುವುದನ್ನು ಜನರಿಗೆ ತಿಳಿಸುವುದು, ಜನ ಹೇಳುತ್ತಿರುವುದನ್ನು ಸಂಸ್ಥೆಯ ಕಿವಿಗೆ ಹಾಕುವುದು, ಎರಡೂ ಸೇರಿದರೆ ಪಿಆರ್. ಎರಡನೆಯ ಅರ್ಧವನ್ನು ಮರೆತವರೇ ಜಾಸ್ತಿ. ಸರ್ಕಾರದಲ್ಲಿ ಈ ಕೆಲಸಕ್ಕೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಇದೆ, ಜಿಲ್ಲೆಯಲ್ಲಿ ವಾರ್ತಾಧಿಕಾರಿ ಇರುತ್ತಾರೆ. ಜಾಹೀರಾತು ಬೇರೆ. ಅಲ್ಲಿ ದುಡ್ಡು ಕೊಟ್ಟು ಜಾಗ ಕೊಳ್ಳುತ್ತೇವೆ, ನಮ್ಮ ಮಾತು ಹಾಗೇ ಅಚ್ಚಾಗುತ್ತದೆ. ಪ್ರಕಟಣೆಗೆ ದುಡ್ಡಿಲ್ಲ. ಹಾಕುವುದು, ಬಿಡುವುದು, ತಿದ್ದುವುದು ಪತ್ರಿಕೆಯ ಇಷ್ಟ. ದುಡ್ಡು ಕೊಟ್ಟು ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಹಾಕಿಸಿದರೆ ಅದು ಪೇಯ್ಡ್ ನ್ಯೂಸ್, ಓದುಗನಿಗೆ ಮಾಡುವ ವಂಚನೆ.

ಈ ಕಸುಬಿನ ಆರಂಭದಲ್ಲಿ ಅಮೆರಿಕದ ಐವಿ ಲೀ ಅನ್ನುವವರ ಹೆಸರು ಬರುತ್ತದೆ. 1906ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತ ಆದರೆ ಮುಚ್ಚಿಡುವುದು ಆಗಿನ ರೈಲು ಕಂಪನಿಗಳ ರೂಢಿ. ಲೀ ಉಲ್ಟಾ ಮಾಡಿದರು. ಏನಾಯಿತು ಅಂತ ಕಂಪನಿಯ ಪರವಾಗಿ ತಾವೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಹಾಗೇ ಅಚ್ಚು ಮಾಡಿತು. ಮೊದಲ ಪತ್ರಿಕಾ ಪ್ರಕಟಣೆ ಅಂತ ಇದನ್ನೇ ಹೇಳುವುದು. ಆದರೆ ಇದೇ ಲೀ 1914ರಲ್ಲಿ ಕೊಲರಾಡೊ ಗಣಿ ಕಾರ್ಮಿಕರ ಮುಷ್ಕರದ ಸಮಯದಲ್ಲಿ ಮಾಲೀಕರ ಪರವಾಗಿ ತಪ್ಪು ಮಾಹಿತಿಯ ಪತ್ರಗಳನ್ನು ಹಂಚಿ ಹೆಸರು ಕೆಡಿಸಿಕೊಂಡರು. ಕಸುಬಿನ ಎರಡು ದಾರಿಯೂ ಒಬ್ಬನೇ ಮನುಷ್ಯನ ಜೀವನದಲ್ಲಿ ಕಾಣುತ್ತವೆ.

ಮುಚ್ಚಿಟ್ಟರೆ ಏನಾಗುತ್ತದೆ ಅಂತ ನಾನು ವರದಿಗಾರನಾಗಿದ್ದಾಗ ಕಣ್ಣಾರೆ ನೋಡಿದ್ದೇನೆ. ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಿಗೆ ವಾಂತಿ ಶುರುವಾಯಿತು. ಶಾಲೆಯವರು ಗೇಟ್ ಹಾಕಿದರು, ಫೋನ್ ಎತ್ತುವುದನ್ನು ಬಿಟ್ಟರು. ನಾಲ್ಕು ಗಂಟೆಯ ಹೊತ್ತಿಗೆ ಹತ್ತು ಮಕ್ಕಳು ಅಂತ ಮಾತಿತ್ತು, ಐದಕ್ಕೆ ಐವತ್ತು ಆಯಿತು, ಕತ್ತಲಾಗುವಷ್ಟರಲ್ಲಿ ಮೂವರು ಹೋಗಿಬಿಟ್ಟರು ಅಂತ ಬಸ್ ಸ್ಟ್ಯಾಂಡಿನಲ್ಲಿ ಹಬ್ಬಿತು. ತಾಯಂದಿರು ಗೇಟಿನ ಹತ್ತಿರ ಅಳುತ್ತಾ ನಿಂತಿದ್ದರು. ನಿಜಕ್ಕೂ ಎಲ್ಲ ಮಕ್ಕಳು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು, ಮರುದಿನ ಮನೆಗೆ ಬಂದರು. ಯಾರಾದರೂ ಒಬ್ಬರು ಹೊರಗೆ ಬಂದು "ಇಷ್ಟು ಮಕ್ಕಳು, ಇಂಥ ಆಸ್ಪತ್ರೆ, ಡಾಕ್ಟರು ಹೀಗೆ ಹೇಳಿದ್ದಾರೆ, ಕಾರಣ ಇನ್ನೂ ಗೊತ್ತಿಲ್ಲ, ಎಂಟು ಗಂಟೆಗೆ ಮತ್ತೆ ಹೇಳ್ತೀವಿ" ಅಂದಿದ್ದರೆ ಸಾಕಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದಕ್ಕೆ ಸಂಸ್ಥೆಗಳು ಹೆದರುತ್ತವೆ. ಜನ ಅದಕ್ಕೆ ಸಿಟ್ಟಾಗುವುದಿಲ್ಲ. ಸುಮ್ನೆ ಬಾಯಿ ಮುಚ್ಚಿ ಕೂತರೆ ಸಿಟ್ಟಾಗುತ್ತಾರೆ.

ಒಳ್ಳೆಯ ಜನಸಂಪರ್ಕ ನೋಡಬೇಕಿದ್ದರೆ ಮಂಗನ ಕಾಯಿಲೆಯ ಕಾಲದಲ್ಲಿ ಹಳ್ಳಿಗೆ ಬನ್ನಿ. ಈ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ಕಾಡಿಗೆ ಹೋಗುವ ಮೊದಲು ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಮಂಗ ಸತ್ತಿದ್ದು ಕಂಡರೆ ಮುಟ್ಟಬೇಡಿ, ನಮಗೆ ಹೇಳಿ ಅನ್ನುತ್ತಾಳೆ. ‘ಉಣುಗು’ ಅನ್ನುತ್ತಾಳೆ. ‘ರೋಗವಾಹಕ ಪರೋಪಜೀವಿ’ ಅನ್ನುವುದಿಲ್ಲ. ವಾಪಸ್ ಹೋಗುವಾಗ ಯಾರ ಮನೆಯಲ್ಲಿ ಜ್ವರ ಇದೆ ಅಂತ ಬರೆದುಕೊಂಡು ಹೋಗುತ್ತಾಳೆ. ತಿಳಿಸುವುದು, ಕೇಳುವುದು ಎರಡೂ ಒಂದೇ ಭೇಟಿಯಲ್ಲಿ ಮುಗಿಯಿತು.

ಸುದ್ದಿಗೂ ಪಿಆರ್‌ಗೂ ಇರುವ ವ್ಯತ್ಯಾಸಕ್ಕೆ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಒಳ್ಳೆಯ ಉದಾಹರಣೆ. 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಪ್ರಕಟಣೆ ಬರೆಯುವವರು ಉದ್ದ ಎಷ್ಟು, ಖರ್ಚು ಎಷ್ಟು, ಯಾವ ತಂತ್ರಜ್ಞಾನ, ಯಾರು ಉದ್ಘಾಟಿಸಿದರು ಅಂತ ಬರೆಯುತ್ತಾರೆ. ಅದರಲ್ಲಿ ತಪ್ಪಿಲ್ಲ. ಇಷ್ಟು ದೊಡ್ಡ ಕೆಲಸ ಮಾಡಿದವರು ಹೇಳಿಕೊಳ್ಳಲಿ. ವರದಿಗಾರ ತುಮರಿಗೆ ಹೋಗಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಿಂದ ಹಿನ್ನೀರಿನ ಆಚೆ ಉಳಿದುಹೋದವರು ಅಲ್ಲಿಯ ಜನ. ರಾತ್ರಿ ಹೆರಿಗೆ ನೋವು ಬಂದರೆ ಹಿನ್ನೀರು ದಾಟಿಸುವ ಲಾಂಚ್ ಇಲ್ಲದ ದಡದಲ್ಲಿ ನಿಂತವರು. ಅವರಿಗೆ ಈಗ ಆಸ್ಪತ್ರೆ ಎಷ್ಟು ಹೊತ್ತಿನ ದಾರಿ? ಬಸ್ ಎಷ್ಟು ಬಿಟ್ಟಿದ್ದಾರೆ? ಲಾಂಚ್ ಕಟ್ಟೆಯ ಹತ್ತಿರ ಚಹಾ ಅಂಗಡಿ ಇಟ್ಟುಕೊಂಡಿದ್ದವರ ಜೀವನ ಏನಾಯಿತು? ಒಂದೇ ಸೇತುವೆ. ಒಬ್ಬರು ಕಟ್ಟಿದವರ ಕಡೆಯಿಂದ ನೋಡಿದರು, ಇನ್ನೊಬ್ಬರು ದಾಟುವವರ ಕಡೆಯಿಂದ. ಇಬ್ಬರ ಅಂಕಿಗಳೂ ನಿಜವಾಗಿದ್ದರೆ ಊರಿಗೆ ಎರಡೂ ಬೇಕು.

ಸಂಘ ಸಂಸ್ಥೆಗಳಿಗೆ ಪ್ರಕಟಣೆ ಬರೆಯುವವರಿಗೆ ಒಂದೆರಡು ಮಾತು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ವಾಟ್ಸ್‌ಆಪ್ ಮಾಡಬೇಡಿ. ವರದಿಗಾರನ ಮೊಬೈಲ್‌ನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಸೀಲು ಸಹಿ ಹಾಕಿದ ಹಾಳೆಯ ಫೋಟೊ ಕಳಿಸಿದರೆ ಅವನು ಪೂರ್ತಿ ಮತ್ತೆ ಟೈಪ್ ಮಾಡಬೇಕು. ಯುನಿಕೋಡ್‌ನಲ್ಲಿ ಬರೆದು ನೇರ ಕಳಿಸಿ. ಫೋಟೊದಲ್ಲಿ ಇರುವವರ ಹೆಸರು ಎಡದಿಂದ ಬಲಕ್ಕೆ ಕೊಡಿ, ಇನಿಷಿಯಲ್ ಸಮೇತ. ಕೆಳಗೆ ಒಂದು ಫೋನ್ ನಂಬರ್ ಹಾಕಿ, ಸಂಜೆಯವರೆಗೆ ಅದನ್ನು ಎತ್ತಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಸಿಗುವಂಥದ್ದನ್ನು ಹೆಸರು, ಊರು, ಫೋಟೊ ಯಾವ ರೂಪದಲ್ಲೂ ಕಳಿಸಬೇಡಿ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ, ದೊಡ್ಡವರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆ ಅದನ್ನು ಅಪರಾಧ ಅನ್ನುತ್ತವೆ. ತಪ್ಪು ಅಚ್ಚಾದರೆ ವರದಿಗಾರನ ಮೇಲೆ ಕೂಗಾಡುವ ಬದಲು ಸಂಪಾದಕರಿಗೆ ಸ್ಪಷ್ಟನೆ ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿ ಇದೆ.

ಇದನ್ನೆಲ್ಲ ಬರೆಯುವಾಗ ಕಳೆದ ಮಳೆಗಾಲದ ಒಂದು ದಿನ ನೆನಪಾಗುತ್ತಿದೆ. ನಮ್ಮ ಗೋದಾಮಿನ ಒಂದು ಮೂಲೆಗೆ ನೀರು ನುಗ್ಗಿ ಸದಸ್ಯರ ಅಡಿಕೆ ಮೂಟೆಗಳು ನೆನೆದವು. ಅಧ್ಯಕ್ಷರು ನನ್ನನ್ನು ಕರೆದು "ಇದನ್ನ ನಾವೇ ಹೇಳ್ಬೇಕಾ?" ಅಂತ ಕೇಳಿದರು. ಹೆದರಿದ್ದರು, ಸಹಜ. ಮಧ್ಯಾಹ್ನದೊಳಗೆ ಮೂಟೆ ಎಣಿಸಿದೆವು. ಐದು ವಾಕ್ಯ ಬರೆದೆ. ಎಷ್ಟು ಮೂಟೆ ನೆನೆದಿವೆ. ಚರಂಡಿ ಕಟ್ಟಿಕೊಂಡದ್ದನ್ನು ನಾವು ಮಳೆಗಾಲದ ಮೊದಲು ನೋಡಿಸಲಿಲ್ಲ. ವಿಮೆಯವರಿಗೆ ತಿಳಿಸಿದ್ದೇವೆ. ನಷ್ಟ ಯಾರಿಗೆ ಎಷ್ಟು ಅಂತ ಶುಕ್ರವಾರ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಕೊನೆಗೆ ನನ್ನ ನಂಬರ್. ಮೊದಲು ಸದಸ್ಯರ ಗುಂಪಿಗೆ ಕಳಿಸಿದೆ, ಆಮೇಲೆ ವರದಿಗಾರರಿಗೆ. ರಾತ್ರಿ ಒಂಬತ್ತರವರೆಗೆ ಫೋನ್ ಕೆಳಗಿಡಲು ಆಗಲಿಲ್ಲ. ಮೂವರು ವರದಿಗಾರರು ಮಾಡಿದರು, ಅದರಲ್ಲಿ ಒಬ್ಬಳು ಹೊಸ ಹುಡುಗಿ. "ನೋಡಿಸಲಿಲ್ಲ ಅಂದ್ರೆ ಯಾರು ನೋಡಿಸ್ಬೇಕಿತ್ತು ಸರ್?" ಅಂತ ಕೇಳಿದಳು. ಹೇಳಿದೆ. ಮರುದಿನ ಎರಡು ಕಾಲಂನ ಚಿಕ್ಕ ಸುದ್ದಿ ಬಂತು. ಅದರಲ್ಲಿ ಒಂದೇ ಒಂದು ‘ಎನ್ನಲಾಗಿದೆ’ ಇರಲಿಲ್ಲ.